ಕರೆಂಟ್ ಹೋದಾಗ ಕೈ ಬಿಡದ ಗೇಮ್ ಯಾವುದು? ಸ್ಟೀಮ್‌ನ ಐದು ಆಟಗಳನ್ನು ರಾಯಚೂರಿನಲ್ಲಿ ಆಡಿ ನೋಡಿದ ಲೆಕ್ಕ

ಗೆಳೆಯರ ಜೊತೆ ಆಡೋಕೆ ಸ್ಟೀಮ್‌ನಲ್ಲಿ (ಪಿಸಿ ಗೇಮ್‌ಗಳನ್ನು ಕೊಂಡು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿ) ಯಾವ ಗೇಮ್ ಒಳ್ಳೇದು ಅಂತ ಕೇಳಿದರೆ ಎಲ್ಲರೂ ಗ್ರಾಫಿಕ್ಸ್, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ), ರ‍್ಯಾಂಕ್ ಅಂತ ಶುರು ಮಾಡುತ್ತಾರೆ. ನಮ್ಮ ಗುಂಪಿಗೆ ಮೊದಲು ಬೇಕಿರೋದು ಬೇರೆ ಉತ್ತರ. ಆಟದ ನಡುವೆ ಒಬ್ಬನ ಮನೆಯಲ್ಲಿ ಕರೆಂಟ್ ಹೋದರೆ ಏನಾಗುತ್ತದೆ? ಉಳಿದವರ ಆಟ ನಡೆಯುತ್ತದಾ? ಹೋದವನು ವಾಪಸ್ ಬರಬಹುದಾ? ಬಂದರೆ ಅವನಿಗೆ ಶಿಕ್ಷೆ ಕಾದಿರುತ್ತದಾ?

ನಾವು ಆರು ಮಂದಿ. ನಾನು ರಾಯಚೂರಿನವನು. ಒಬ್ಬ ಸಿಂಧನೂರು, ಒಬ್ಬ ಗಂಗಾವತಿ, ಇಬ್ಬರು ಬಳ್ಳಾರಿಯ ಅಣ್ಣ-ತಮ್ಮ. ಇನ್ನೊಬ್ಬ ಕೆಲಸಕ್ಕಂತ ಬೆಂಗಳೂರು ಸೇರಿದ್ದಾನೆ. ಕಾಲೇಜು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂಡೋದು ಅಪರೂಪ. ರಾತ್ರಿ ಊಟ ಆದ ಮೇಲಿನ ಗೇಮ್ ಒಂದೇ ನಮಗೆ ಸಿಗುವ ಕಟ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಊರಿನ ಕೂಲರ್‌ಗಳೆಲ್ಲ ಒಟ್ಟಿಗೆ ಓಡುತ್ತವೆ. ಸಂಜೆ ಗಾಳಿ ಎದ್ದರೆ ಲೈನ್ ಟ್ರಿಪ್ ಆಗುತ್ತದೆ. ಒಂದೊಂದು ಊರಲ್ಲಿ ಒಂದೊಂದು ಹೊತ್ತಿಗೆ. "ಕರೆಂಟ್ ಹೋತಲೇ" ಅಂತ ಮೊಬೈಲಿಗೆ ಮೆಸೇಜ್ ಬರದ ರಾತ್ರಿ ಕಡಿಮೆ. ಹಾಗಾಗಿ ನಾನು ಗೇಮ್‌ಗಳನ್ನು ಅಳೆಯೋದು ಇದೇ ಅಳತೆಯಲ್ಲಿ.

ಬಂದೂಕಿನ ಆಟ ಕೌಂಟರ್-ಸ್ಟ್ರೈಕ್ 2 (ಚಿಕ್ಕದಾಗಿ ಸಿಎಸ್2) ಇಂದ ಶುರು ಮಾಡೋಣ. ಎಲ್ಲರೂ ಮೊದಲು ಇನ್‌ಸ್ಟಾಲ್ ಮಾಡೋದು ಇದನ್ನೇ ಅಲ್ವಾ? ಉಚಿತ. 1999ರಲ್ಲಿ ಹಾಫ್-ಲೈಫ್ ಗೇಮ್‌ಗೆ ಅಭಿಮಾನಿಗಳು ಮಾಡಿದ ಮಾಡ್ (ಇರುವ ಗೇಮ್ ಅನ್ನೇ ಬದಲಿಸಿ ಮಾಡಿದ ಹೊಸ ರೂಪ) ಆಗಿ ಹುಟ್ಟಿದ್ದು ಇದರ ಮೂಲ. ನಮ್ಮೂರ ಸೈಬರ್ ಸೆಂಟರ್‌ಗಳಲ್ಲಿ ಅದರ ಹಳೇ ಆವೃತ್ತಿ 1.6 ಆಡಿ ಬೆಳೆದವರು ಇನ್ನೂ ಇದ್ದಾರೆ. ಈಗಿನದು 2023ರ ಸೆಪ್ಟೆಂಬರ್‌ನಲ್ಲಿ ಬಂತು, ಇದರ ಹಿಂದಿನ ಆವೃತ್ತಿ ಸಿಎಸ್:ಜಿಒ ಜಾಗಕ್ಕೇ ಬಂತು. ಐದು ಮಂದಿಗೆ ಐದು ಮಂದಿ, ಮೊದಲು 13 ರೌಂಡ್ ಗೆದ್ದವರು ಪಂದ್ಯ ಗೆದ್ದಂತೆ. ಭಾರತದಲ್ಲೇ ಸರ್ವರ್ ಇರುವುದರಿಂದ ಫೈಬರ್ ಇದ್ದವರಿಗೆ ಪಿಂಗ್ (ಸರ್ವರ್‌ಗೆ ಹೋಗಿ ಬರೋಕೆ ತಗಲುವ ಹೊತ್ತು) ಚೆನ್ನಾಗಿ ಸಿಗುತ್ತದೆ. ಎಷ್ಟು ಪಿಂಗ್‌ವರೆಗೆ ಒಪ್ಪಿಗೆ ಅಂತ ಸೆಟ್ಟಿಂಗ್‌ನಲ್ಲಿ ಮಿತಿ ಹಾಕಿಡಿ. ಇಲ್ಲವಾದರೆ ಆಟಗಾರರು ಕಡಿಮೆ ಇರುವ ಹೊತ್ತಲ್ಲಿ ದೂರದ ಸರ್ವರ್‌ಗೆ ಹೋಗಿ ಬೀಳುತ್ತೀರಿ.

ಗುಂಡಿನ ಸದ್ದು ಕೇಳಿ ಜಾಗ ಹೇಳೋದು, ಬಾಂಬ್ ಇಟ್ಟ ಮೇಲಿನ ಆ 40 ಸೆಕೆಂಡು, ಇವಕ್ಕೆ ಸಾಟಿ ಬೇರೆ ಯಾವ ಗೇಮ್‌ನಲ್ಲೂ ನನಗೆ ಸಿಕ್ಕಿಲ್ಲ. ಆದರೆ ಕಾಂಪಿಟಿಟಿವ್ ಪಂದ್ಯದ ನಡುವೆ ಒಬ್ಬ ಹೋದರೆ ಅವನ ಜಾಗಕ್ಕೆ ಯಾರೂ ಬರೋದಿಲ್ಲ. ನಾಲ್ವರೇ ಐವರ ಎದುರು ಆಡಬೇಕು. ಹೋದವನು ಬೇಗ ವಾಪಸ್ ಬಂದರೆ ಸರಿ. ಬರದಿದ್ದರೆ ಕೂಲ್‌ಡೌನ್, ಅಂದರೆ ಹೊಸ ಪಂದ್ಯ ಆಡದಂತೆ ತಡೆ, ಬೀಳುತ್ತದೆ. ಮೊದಲು ಸ್ವಲ್ಪ ಹೊತ್ತಿನದು, ಮತ್ತೆ ಮತ್ತೆ ಆದರೆ ದಿನಗಟ್ಟಲೆ. ಬೇಕಂತ ಎದ್ದು ಹೋದವನಿಗೂ ಕರೆಂಟ್ ಹೋದವನಿಗೂ ಒಂದೇ ನಿಯಮ. ಗೇಮ್‌ಗೆ ವ್ಯತ್ಯಾಸ ಗೊತ್ತಾಗೋಕೆ ದಾರಿಯೇ ಇಲ್ಲ, ಆ ನಿಯಮ ಇಲ್ಲದಿದ್ದರೆ ಸೋಲುವವರೆಲ್ಲ ನಡುವೆಯೇ ಎದ್ದು ಹೋಗುತ್ತಿದ್ದರು. ನ್ಯಾಯವೇ. ಆದರೆ ಸಿಂಧನೂರಿನ ನಮ್ಮ ಹುಡುಗನಿಗೆ ಅದರಿಂದ ಸಮಾಧಾನ ಸಿಗೋದಿಲ್ಲ. ಅದಕ್ಕೇ ಕರೆಂಟ್ ನಂಬಿಕೆ ಇಲ್ಲದ ದಿನ ನಾವು ಇದರಲ್ಲೇ ಇರುವ ವಿಂಗ್‌ಮ್ಯಾನ್‌ಗೆ ಹೋಗುತ್ತೇವೆ. ಇಬ್ಬರಿಗಿಬ್ಬರ ಆಟ, ಬೇಗ ಮುಗಿಯುತ್ತದೆ.

ಇನ್ನೊಂದು ತೊಡಕು ಯಂತ್ರದ್ದು. ಸ್ಟೀಮ್ ಪುಟದಲ್ಲೇ 85 ಜಿಬಿ ಜಾಗ, 8 ಜಿಬಿ ರ‍್ಯಾಮ್ ಕೇಳುತ್ತದೆ. ಗಂಗಾವತಿಯವನ ಹಳೇ ಲ್ಯಾಪ್‌ಟಾಪ್ ಸಿಎಸ್:ಜಿಒ ಅನ್ನು ಹೇಗೋ ಓಡಿಸುತ್ತಿತ್ತು. ಸಿಎಸ್2ಗೆ ಅದು ಬಿಸಿಯಾಗಿ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಕೇಳೋದೇ ಬೇಡ.

ಡೋಟಾ 2 ಕೂಡ ಉಚಿತ, 2013ರಿಂದ ಇದೆ. ಐವರ ಎರಡು ತಂಡ, ಒಬ್ಬೊಬ್ಬರು ಒಂದೊಂದು ಹೀರೋ ಹಿಡಿದು ಎದುರಿನವರ ನೆಲೆ ಒಡೆಯಬೇಕು. ನೂರಕ್ಕೂ ಹೆಚ್ಚು ಹೀರೋಗಳಿದ್ದಾರೆ, ಎಲ್ಲರೂ ಮೊದಲ ದಿನದಿಂದಲೇ ಸಿಗುತ್ತಾರೆ. ದುಡ್ಡು ಕೊಟ್ಟು ಕೊಳ್ಳೋದು ಬಟ್ಟೆ-ಬಣ್ಣ ಮಾತ್ರ, ಬಲವನ್ನಲ್ಲ. ಈ ಒಂದು ಮಾತಿಗೆ ನನಗೆ ಡೋಟಾ ಮೇಲೆ ದೊಡ್ಡ ಗೌರವ. ಕರೆಂಟ್ ಹೋದವನ ವಿಷಯದಲ್ಲೂ ಇದು ಸಿಎಸ್‌ಗಿಂತ ಮೆದು. ಆಟವನ್ನು ಪಾಜ್ ಮಾಡಿ ನಿಲ್ಲಿಸಿಡಬಹುದು. ಎದುರು ತಂಡದವರೂ ಎಷ್ಟೋ ಸಲ ಕಾಯುತ್ತಾರೆ. 5 ನಿಮಿಷದ ಒಳಗೆ ವಾಪಸ್ ಬಂದರೆ ಏನೂ ಇಲ್ಲ. ದಾಟಿದರೆ ಅಬ್ಯಾಂಡನ್ (ಆಟ ಬಿಟ್ಟು ಹೋದವನು) ಅಂತ ಬರೆದುಕೊಳ್ಳುತ್ತದೆ, ಆಮೇಲೆ ಲೋ ಪ್ರಯಾರಿಟಿ, ಅಂದರೆ ಶಿಕ್ಷೆ ಬಿದ್ದವರ ಸಾಲಿನಲ್ಲಿ ಆಡಬೇಕಾಗಬಹುದು. ಇನ್ವರ್ಟರ್‌ಗೆ ಬದಲಾಗಿ ರೌಟರ್ ಮತ್ತೆ ಎದ್ದು ನಿಲ್ಲೋಕೆ 5 ನಿಮಿಷ ಸಾಕು. ಇನ್ವರ್ಟರ್ ಇಲ್ಲದವನಿಗೆ ಸಾಲದು.

ಹಾಗಿದ್ದರೂ ನಮ್ಮ ಗುಂಪಿನಲ್ಲಿ ಡೋಟಾ ನಿಲ್ಲಲಿಲ್ಲ. ಒಂದು ಪಂದ್ಯಕ್ಕೆ ನಲವತ್ತು ನಿಮಿಷ ಸುಮ್ನೆ ಹೋಗುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವವನಿಗೆ ಅದು ಕಷ್ಟ. ಕಲಿಯೋಕೂ ತಿಂಗಳುಗಳು ಬೇಕು. ಬಳ್ಳಾರಿಯ ಅಣ್ಣ ಚೆನ್ನಾಗಿ ಆಡುತ್ತಾನೆ, ತಮ್ಮನಿಗೆ ಇನ್ನೂ ಐಟಂ ಕೊಳ್ಳೋದೇ ಗೊಂದಲ. ಒಂದೇ ಮಟ್ಟದ ಐವರು ಇದ್ದರೆ ಮಾತ್ರ ಡೋಟಾ.

ಈಗ ನಮ್ಮ ಗುಂಪಿನ ಮೊದಲ ಸ್ಥಾನಕ್ಕೆ ಬರುತ್ತೇನೆ. ಲೆಫ್ಟ್ 4 ಡೆಡ್ 2. 2009ರ ಗೇಮ್. 13 ಜಿಬಿ ಜಾಗ, 2 ಜಿಬಿ ರ‍್ಯಾಮ್ ಅಷ್ಟೇ ಅದು ಕೇಳೋದು. ಗಂಗಾವತಿಯ ಲ್ಯಾಪ್‌ಟಾಪ್‌ನಲ್ಲಿ ನೀರು ಕುಡಿದಂತೆ ಓಡುತ್ತದೆ. ನಾಲ್ವರು ಸೇರಿ ಜೊಂಬಿಗಳ ನಡುವೆ ದಾರಿ ಮಾಡಿಕೊಂಡು ಒಂದು ಸೇಫ್ ರೂಮ್‌ನಿಂದ ಇನ್ನೊಂದಕ್ಕೆ ಹೋಗಬೇಕು. ಹಂಟರ್ ಅನ್ನೋ ಜೊಂಬಿ ಮೇಲೆ ಬಿದ್ದರೆ, ಸ್ಮೋಕರ್ ಅನ್ನೋದು ನಾಲಿಗೆ ಹಾಕಿ ಎಳೆದರೆ, ನೀವೇ ಬಿಡಿಸಿಕೊಳ್ಳೋದು ಹೆಚ್ಚು ಕಡಿಮೆ ಆಗದ ಮಾತು. ಗೆಳೆಯ ಬಂದು ಬಿಡಿಸಬೇಕು. ಗುರಿ ಹಿಡಿಯೋಕೆ ಬಾರದವನೂ ಇಲ್ಲಿ ಬೇಕಾದವನೇ. ಮೇಲಾಗಿ ಎಐ ಡೈರೆಕ್ಟರ್ ಅನ್ನೋ ವ್ಯವಸ್ಥೆ ತಂಡ ಹೇಗೆ ಆಡುತ್ತಿದೆ ಅಂತ ನೋಡಿ ಜೊಂಬಿಗಳನ್ನು ಕಳಿಸುತ್ತದೆ. ಸುಸ್ತಾದವರಿಗೆ ಸ್ವಲ್ಪ ಉಸಿರು ಬಿಡೋಕೆ ಹೊತ್ತು ಕೊಡುತ್ತದೆ. ಹಾಗಾಗಿ ಅದೇ ಕ್ಯಾಂಪೇನ್ (ಕಥೆಯಂತೆ ಸಾಗುವ ಹಂತಗಳ ಸಾಲು) ಎರಡನೇ ಸಲ ಬೇರೆ ಥರ ನಡೆಯುತ್ತದೆ.

ಮುಖ್ಯ ವಿಷಯ ಇದು. ಒಬ್ಬನ ಕರೆಂಟ್ ಹೋದರೆ ಅವನ ಪಾತ್ರವನ್ನು ಬಾಟ್ (ಗೇಮ್ ತಾನೇ ಆಡಿಸುವ ಆಟಗಾರ) ನಡೆಸುತ್ತದೆ. ನಾವು ಮುಂದೆ ಹೋಗುತ್ತಲೇ ಇರುತ್ತೇವೆ. ಅವನು ವಾಪಸ್ ಬಂದಾಗ ಫ್ರೆಂಡ್ಸ್ ಲಿಸ್ಟ್‌ನಿಂದ ಜಾಯಿನ್ ಒತ್ತಿದರೆ ಆಯಿತು, ಬಾಟ್‌ನ ಕೈಯಿಂದ ಮತ್ತೆ ಅವನ ಕೈಗೆ. ಕ್ಯಾಂಪೇನ್ ಬಿಟ್ಟು ಹೋದದ್ದಕ್ಕೆ ಶಿಕ್ಷೆ ಇಲ್ಲ, ರ‍್ಯಾಂಕ್ ಇಲ್ಲ, ಯಾರ ಬೈಗುಳವೂ ಇಲ್ಲ. ಹದಿನೈದು ವರ್ಷಕ್ಕೂ ಹಳೆಯ ಗೇಮ್ ನಮ್ಮ ರಾಯಚೂರಿನ ಬೇಸಿಗೆಯನ್ನು ಇಷ್ಟು ಚೆನ್ನಾಗಿ ತಡೆದುಕೊಳ್ಳುತ್ತದೆ ಅನ್ನೋದು ನನಗೆ ನಿಜಕ್ಕೂ ಖುಷಿ ಕೊಡುವ ಸಂಗತಿ.

ಒಂದೇ ಎಚ್ಚರ. ಲಾಬಿ (ಆಟಕ್ಕೆ ಮೊದಲು ಎಲ್ಲರೂ ಸೇರುವ ಕೋಣೆ) ಮಾಡುವಾಗ ಲೋಕಲ್ ಸರ್ವರ್ ಆರಿಸಿದರೆ ಹೋಸ್ಟ್ ಮಾಡಿದವನ ಯಂತ್ರವೇ ಸರ್ವರ್. ಅವನ ಕರೆಂಟ್ ಹೋದರೆ ಎಲ್ಲರ ಆಟವೂ ಹೋಗುತ್ತದೆ. ಹಾಗಾಗಿ ಇನ್ವರ್ಟರ್ ಇರುವವನೇ ಹೋಸ್ಟ್ ಆಗಬೇಕು. ನಮ್ಮಲ್ಲಿ ಅದು ಬಳ್ಳಾರಿ ಅಣ್ಣನ ಕೆಲಸ. ನಾಲ್ವರಿಗಿಂತ ಜಾಸ್ತಿ ಮಂದಿ ಬಂದರೆ ವರ್ಸಸ್ ಮೋಡ್‌ನಲ್ಲಿ ಮೂವರಿಗೆ ಮೂವರು ಆಡುತ್ತೇವೆ, ಒಂದು ಪಾಳಿ ನಾವು ಮನುಷ್ಯರು, ಒಂದು ಪಾಳಿ ಜೊಂಬಿಗಳು. ದುಡ್ಡು ಕೊಟ್ಟು ಕೊಳ್ಳಬೇಕಾದ ಗೇಮ್ ಇದು. ಆದರೆ ಸ್ಟೀಮ್ ಸೇಲ್‌ಗಳಲ್ಲಿ ಬೆಲೆ 80, 90 ಪರ್ಸೆಂಟ್ ಇಳಿದದ್ದುಂಟು. ಯುಪಿಐ ನಡೆಯುತ್ತದೆ. ರಕ್ತಪಾತ ಜಾಸ್ತಿ, ಸಣ್ಣ ಮಕ್ಕಳು ಇರುವ ಕೋಣೆಯಲ್ಲಿ ಬೇಡ.

ಏಜ್ ಆಫ್ ಎಂಪೈರ್ಸ್ 2, ಡೆಫಿನಿಟಿವ್ ಎಡಿಷನ್. ಊರು ಕಟ್ಟಿ, ಸೈನ್ಯ ಬೆಳೆಸಿ ಯುದ್ಧ ಮಾಡುವ ಆಟ. ಮನಸ್ಸಿಗೆ ಅತಿ ಹತ್ತಿರದ್ದು ಇದು, ಆದರೆ ಗುಂಪಿಗೆ ಎರಡನೇ ಸ್ಥಾನ. ಮೂಲ ಗೇಮ್ 1999ರದು, ಈ ಹೊಸ ರೂಪ 2019ರಲ್ಲಿ ಬಂತು. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅಂತ ಹೆಚ್ಚುವರಿ ಪ್ಯಾಕ್ ಬಂದು ದ್ರಾವಿಡರು, ಬಂಗಾಳಿಗಳು, ಗುರ್ಜರರು ಸೇರಿಕೊಂಡರು. ರಾಜೇಂದ್ರ ಚೋಳನ ಕ್ಯಾಂಪೇನ್ ಕೂಡ ಇದೆ.

ಇದರ ಸಿನಾರಿಯೊ ಎಡಿಟರ್‌ನಲ್ಲಿ ನಾವೇ ನಕ್ಷೆ ಮಾಡಬಹುದು. ನಾನು ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ ಎಳೆದು, ನಡುವೆ ರಾಯಚೂರು ಕೋಟೆ ಕಟ್ಟಿದ್ದೇನೆ. ಇಲ್ಲಿನವರಿಗೆ ಗೊತ್ತಲ್ಲ, ನಮ್ಮ ಕೋಟೆಗೆ ಎರಡು ಸುತ್ತು ಗೋಡೆ. ಒಳಗಿನದು ಕಾಕತೀಯರ ಕಾಲದ್ದು, 1294ರ ಶಾಸನ ಗೋಡೆಯಲ್ಲೇ ಇದೆ. ಈ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ಆಯಿತು. ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರು ರಾಯನ ಕಡೆ ಇದ್ದರು. ಕೋಟೆ ಮೇಲೆ ತಲೆ ಎತ್ತಿದವರನ್ನು ಅವರು ಹೊಡೆದು ಬೀಳಿಸುತ್ತಿದ್ದರೆ ಕೆಳಗೆ ಗೋಡೆ ಒಡೆಯುವ ಕೆಲಸ ನಡೆಯಿತು. ಗೇಮ್‌ನಲ್ಲಿ ಹ್ಯಾಂಡ್ ಕ್ಯಾನನಿಯರ್ (ಬಂದೂಕು ಹಿಡಿದ ಸೈನಿಕರು) ಸಾಲು ನಿಲ್ಲಿಸಿ ಅದನ್ನೇ ಮಾಡಿದೆವು. ನಾನು ಕೋಟೆ ಒಳಗೆ, ಬಳ್ಳಾರಿಯವರು ಹೊರಗೆ. ಶಾಲೆಯಲ್ಲಿ ಎರಡು ಸಾಲಿನಲ್ಲಿ ಓದಿದ ಯುದ್ಧ ಆ ರಾತ್ರಿ ನನಗೆ ಅರ್ಥವಾಯಿತು. ಎರಡು ಗೋಡೆ ಯಾಕೆ ಕಟ್ಟುತ್ತಾರೆ ಅಂತ ಹೊರಗಿನದು ಬಿದ್ದಾಗಲೇ ಗೊತ್ತಾಗೋದು.

ಆದರೂ ಎರಡನೇ ಸ್ಥಾನ ಯಾಕೆ? ಈ ಗೇಮ್‌ನಲ್ಲಿ ಎಲ್ಲರ ಯಂತ್ರವೂ ಇಡೀ ಯುದ್ಧವನ್ನು ಒಟ್ಟಿಗೆ ಲೆಕ್ಕ ಹಾಕುತ್ತಿರುತ್ತದೆ. ನೆಟ್‌ನಲ್ಲಿ ಓಡಾಡೋದು ಆಜ್ಞೆಗಳು ಮಾತ್ರ. ಇದರಿಂದ ಡೇಟಾ ಕಡಿಮೆ ಸಾಕು, ಅದು ಒಳ್ಳೇದು. ಆದರೆ ಒಬ್ಬನ ಯಂತ್ರ ನಿಧಾನವಾದರೆ ಎಲ್ಲರೂ ನಿಧಾನ. ಒಬ್ಬೊಬ್ಬರದು 200 ಜನಸಂಖ್ಯೆ ತುಂಬಿದ ಮೇಲೆ ಗಂಗಾವತಿಯ ಲ್ಯಾಪ್‌ಟಾಪ್‌ಗಾಗಿ ಉಳಿದ ಐವರೂ ಕಾಯಬೇಕು. ನಾವೀಗ ಮಿತಿಯನ್ನು 100ಕ್ಕೆ ಇಳಿಸಿ ಆಡುತ್ತೇವೆ, ಆಗ ಪರವಾಗಿಲ್ಲ. ಕರೆಂಟ್ ಹೋದರೆ ಆಟ ಸೇವ್ ಮಾಡಿ ಎಲ್ಲರೂ ಹೊರಬರುತ್ತೇವೆ. ಹೋದವನು ಬಂದ ಮೇಲೆ ಲಾಬಿಯಲ್ಲಿ ಅದೇ ಸೇವ್ ತೆರೆಯುತ್ತೇವೆ. ಬಿಟ್ಟಲ್ಲಿಂದಲೇ ಯುದ್ಧ. ಕೆಲವೊಮ್ಮೆ ಅದು ಮರುದಿನ ರಾತ್ರಿಗೆ ಹೋಗುತ್ತದೆ. ಅದೂ ಸರಿಯೇ, ಅಷ್ಟರಲ್ಲಿ ಇಬ್ಬರೂ ಹೊಸ ತಂತ್ರ ಯೋಚಿಸಿರುತ್ತಾರೆ.

ಅಮಾಂಗ್ ಅಸ್ ಬಗ್ಗೆ ಜಾಸ್ತಿ ಹೇಳೋದು ಬೇಡ, ಎಲ್ಲರಿಗೂ ಗೊತ್ತು. ಗುಂಪಿನಲ್ಲಿ ಅಡಗಿರುವ ಕಪಟಿಯನ್ನು ಕಂಡುಹಿಡಿಯುವ 2018ರ ಚಿಕ್ಕ ಗೇಮ್, 2020ರ ಲಾಕ್‌ಡೌನ್‌ನಲ್ಲಿ ಮನೆಮಾತಾಯಿತು. ಸ್ಟೀಮ್‌ನಲ್ಲಿ ಸ್ವಲ್ಪ ದುಡ್ಡು, ಮೊಬೈಲ್‌ನಲ್ಲಿ ಉಚಿತ. ಎರಡರಲ್ಲೂ ಇರುವವರು ಒಂದೇ ಕೋಣೆಯಲ್ಲಿ ಆಡಬಹುದು. ಕರೆಂಟ್ ಹೋದವನು ಮುಂದಿನ ಆಟಕ್ಕೆ ಮೊಬೈಲ್ ಡೇಟಾದಲ್ಲಿ ಬಂದುಬಿಡುತ್ತಾನೆ. ಪಿಸಿ ಇಲ್ಲದ ತಂಗಿಯರು, ಕಸಿನ್‌ಗಳು ಎಲ್ಲರೂ ಸೇರುತ್ತಾರೆ. ಹಬ್ಬದ ರಾತ್ರಿಗೆ, ವಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ಕೂತಾಗ, ಇದಕ್ಕಿಂತ ಒಳ್ಳೇದಿಲ್ಲ. ದಿನಾ ಆಡೋಕೆ ಸಾಲದು.

ಕೊಳ್ಳುವ ಮೊದಲು ಸ್ಟೀಮ್ ಬಗ್ಗೆ ಕೆಲವು ಮಾತು. 2024ರ ಜನವರಿ 1ರಿಂದ ಅದು ವಿಂಡೋಸ್ 7, 8ಕ್ಕೆ ಬೆಂಬಲ ನಿಲ್ಲಿಸಿದೆ. ಹಳೇ ಡೆಸ್ಕ್‌ಟಾಪ್ ಇದ್ದರೆ ಮೊದಲು ಅದನ್ನು ನೋಡಿ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಒಂದೇ ಮನೆಯ 6 ಮಂದಿ ಗೇಮ್ ಹಂಚಿಕೊಳ್ಳಬಹುದು. ಆದರೆ ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡೋದು. ಅಣ್ಣ-ತಮ್ಮ ಒಟ್ಟಿಗೆ ಆಡಬೇಕಾದರೆ ಎರಡು ಪ್ರತಿ ಕೊಳ್ಳಲೇಬೇಕು. ಹಾಗೇ, ನಿಮ್ಮ ಪ್ರತಿಯಲ್ಲಿ ತಮ್ಮ ಚೀಟ್ ಮಾಡಿ ಸಿಕ್ಕಿಬಿದ್ದರೆ ಆ ಗೇಮ್‌ನಲ್ಲಿ ನಿಮಗೂ ಬ್ಯಾನ್ ಬೀಳಬಹುದು.

ಡೌನ್‌ಲೋಡ್ ವಿಷಯಕ್ಕೆ ಬಂದರೆ, ಒಂದೇ ವೈಫೈನಲ್ಲಿ ಎರಡು ಪಿಸಿ ಇದ್ದರೆ ಒಂದರಿಂದ ಇನ್ನೊಂದಕ್ಕೆ ಸ್ಟೀಮ್ ತಾನೇ ಫೈಲ್ ಕಳಿಸುತ್ತದೆ. 2023ರಿಂದ ಈ ಸೌಲಭ್ಯ ಇದೆ. ಬಳ್ಳಾರಿ ಮನೆಯಲ್ಲಿ ಸಿಎಸ್2 ಅನ್ನು ಒಂದೇ ಸಲ ಇಳಿಸಿಕೊಂಡರು. ಡೇಟಾ ಮಿತಿ ಇರುವ ಪ್ಲಾನ್‌ನಲ್ಲಿ ಇದು ದೊಡ್ಡ ಉಳಿತಾಯ.

ದುಡ್ಡು ಕೊಟ್ಟ ಗೇಮ್ ಹಿಡಿಸದಿದ್ದರೆ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ರೀಫಂಡ್ ಕೇಳಬಹುದು. ಆ 2 ಗಂಟೆಯನ್ನು ಟ್ಯುಟೋರಿಯಲ್‌ನಲ್ಲಿ ಕಳೀಬೇಡಿ. ಎಲ್ಲರನ್ನೂ ಕರೆದು ಒಂದು ಪಂದ್ಯ ಶುರು ಮಾಡಿ. ನಡುವೆ ಒಬ್ಬನಿಗೆ ರೌಟರ್ ಆಫ್ ಮಾಡಿ ಮತ್ತೆ ಆನ್ ಮಾಡು ಅಂತ ಹೇಳಿ. ಅವನು ಅದೇ ಆಟಕ್ಕೆ ವಾಪಸ್ ಬಂದರೆ ಗೇಮ್ ಇಟ್ಟುಕೊಳ್ಳಿ.