ಬಾಯ್ಲರ್ ಪಂಪ್: ನಾಲ್ಕು ಚಳಿಗಾಲ ಕಳೆದ ಮೇಲೆ

ಬಾಯ್ಲರ್‌ನ ಬಿಸಿನೀರನ್ನು ಮನೆ ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ ಸುತ್ತಿಸುವ ಪಂಪ್‌ಗೆ ಮೂರು ಸ್ಟಾರ್, ಆ ನೀರಿನ ಕಬ್ಬಿಣದ ಕೆಸರು ಹಿಡಿಯಲು ಪಕ್ಕದಲ್ಲಿ ಕೂರಿಸಿದ ಮ್ಯಾಗ್ನೆಟ್ ಫಿಲ್ಟರ್‌ಗೆ ಐದು. ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಮನೆಗೆ ಎರಡೂ ಒಟ್ಟಿಗೆ ಬಂದವು.

ಹಳೇ ಪಂಪ್ ಕೈಕೊಟ್ಟಿದ್ದು ಗೊತ್ತಾಗಿದ್ದೇ ಅಕ್ಟೋಬರ್‌ನಲ್ಲಿ. ಸ್ನಾನಕ್ಕೆ ಕರೆಂಟಿನ ಶವರ್ ಇದೆ, ಹಾಗಾಗಿ ಮೇ ತಿಂಗಳಲ್ಲಿ ಆರಿಸಿದ ಬಾಯ್ಲರ್ ಕಡೆ ತಲೆ ಹಾಕಿರಲಿಲ್ಲ. ನಡುವೆ ಆರು ವಾರ ಶಿವಮೊಗ್ಗಕ್ಕೂ ಹೋಗಿ ಬಂದೆವು. ಚಳಿ ಶುರುವಾಯ್ತು ಅಂತ ಹಾಕಿದರೆ, ಬಾಯ್ಲರ್ ಹೊತ್ತಿಕೊಂಡು ಎರಡೇ ನಿಮಿಷಕ್ಕೆ ತಾನಾಗಿ ಆರುತ್ತಿತ್ತು. ಹೊರಡುವ ಪೈಪ್ ಮುಟ್ಟಿದರೆ ಕೈ ಸುಡುತ್ತೆ, ವಾಪಸ್ ಬರುವ ಪೈಪ್ ತಣ್ಣಗಿದೆ. ನೀರು ಸುತ್ತುತ್ತಿಲ್ಲ, ಅಷ್ಟೇ. ಸ್ಕ್ರೂಡ್ರೈವರ್ ತುದಿಯನ್ನು ಪಂಪ್ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟೆ. ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ.

ಕರೆಂಟ್ ಆಫ್ ಮಾಡಿ, ತಣ್ಣಗಾದ ಮೇಲೆ ಕೆಳಗೆ ಹಳೇ ಟವೆಲ್ ಹಾಸಿ, ನಡುವಿನ ದೊಡ್ಡ ಸ್ಕ್ರೂ ಬಿಚ್ಚಿ ಶಾಫ್ಟ್ ತಿರುಗಿಸಿದೆ. ಬಿಟ್ಟುಕೊಂಡಿತು! ಎರಡು ವಾರ ಓಡಿ ಮತ್ತೆ ನಿಂತಿತು. (ಮನೆ ಬಿಸಿಗೂ ನಲ್ಲಿಯ ಬಿಸಿನೀರಿಗೂ ಒಂದೇ ಆದ ಕಾಂಬಿ ಬಾಯ್ಲರ್ ಇರುವವರು ಇದಕ್ಕೆ ಕೈ ಹಾಕಬೇಡಿ. ಅದರಲ್ಲಿ ಪಂಪ್ ಬಾಯ್ಲರ್ ಒಳಗೇ ಇರುತ್ತೆ, ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್‌ನಲ್ಲಿ ನೋಂದಣಿ ಇರುವವರನ್ನೇ ಕರೆಯಿರಿ.) ಕೆಲಸದವರು ಬಂದು ಬಿಚ್ಚಿದರೆ ಒಳಗೆಲ್ಲ ಕಾಡಿಗೆಯಂಥ ಕೆಸರು. ರೇಡಿಯೇಟರ್‌ಗಳ ಒಳಗೆ ಕಬ್ಬಿಣ ತುಕ್ಕು ಹಿಡಿದು ಬರುವ ಮ್ಯಾಗ್ನೆಟೈಟ್ ಅದು.

ಹೊಸ ಪಂಪ್ ಮೊದಲ ವರ್ಷ ಬಲು ಮುದ್ದು. ಸದ್ದೇ ಇಲ್ಲ. ಎಷ್ಟು ವ್ಯಾಟ್ ತಿನ್ನುತ್ತಿದೆ ಅಂತ ಪುಟ್ಟ ಡಿಸ್‌ಪ್ಲೇಯಲ್ಲಿ ತೋರಿಸುತ್ತೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು 18 ಅನ್ನೋ ಅಂಕಿ ನೋಡಿದರೇ ನನಗೆ ಸಮಾಧಾನ. ಹಳೆಯದು ಇದರ ಮೂರು ಪಟ್ಟು ತಿನ್ನುತ್ತಿತ್ತು.

ಬೇಜಾರು ಆಮೇಲೆ ಶುರುವಾಯ್ತು. ಇದರ ತಿರುಗುವ ಭಾಗವಾದ ರೋಟರ್‌ನಲ್ಲೇ ಶಾಶ್ವತ ಆಯಸ್ಕಾಂತ ಇದೆ. ಅಂದರೆ ಆ ಕಪ್ಪು ಕೆಸರನ್ನು ತಾನೇ ಎಳೆದುಕೊಳ್ಳುತ್ತೆ! ಮೇಲಾಗಿ ನನ್ನ ಮಾಡೆಲ್‌ನಲ್ಲಿ ತಿರುಗಿಸೋಕೆ ಸ್ಕ್ರೂನೇ ಇಲ್ಲ. ಸಿಕ್ಕಿಕೊಂಡರೆ ಇನ್ನೊಂದು ಪಂಪ್, ಇನ್ನೊಂದು 280 ಪೌಂಡ್. ನನ್ನ ಸಂಬಳಕ್ಕೆ ಅದು ಜಾಸ್ತಿನೇ.

ಹಾಗಾಗಿ ಫಿಲ್ಟರ್‌ನ ಸೇವೆ ತಪ್ಪಿಸುವುದಿಲ್ಲ. ವರ್ಷಕ್ಕೊಮ್ಮೆ ಎರಡೂ ಕಡೆ ವಾಲ್ವ್ ಮುಚ್ಚಿ, ಆಯಸ್ಕಾಂತ ಹೊರತೆಗೆದು ಒರೆಸುತ್ತೇನೆ. ನೀರಿಗೆ ತುಕ್ಕು ತಡೆಯುವ ಇನ್ಹಿಬಿಟರ್ ಹಾಕಿಸಿದ್ದೇನೆ. ಮೊದಲ ಸಲ ಬೆರಳು ದಪ್ಪ ಕೆಸರು ಅಂಟಿತ್ತು, ಈ ಸಲ ಕಣ್ಣಿಗೆ ಹಚ್ಚುವಷ್ಟೂ ಇರಲಿಲ್ಲ.

ಪಂಪ್ ನಿಂತಲ್ಲೇ ಸಿಕ್ಕಿಕೊಳ್ಳದಿರಲಿ ಅಂತ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹತ್ತು ನಿಮಿಷ ಹೀಟಿಂಗ್ ಹಾಕುತ್ತೇನೆ. ಊರಿಗೆ ಹೋದಾಗ ಬೀಗದ ಕೈ ಪಕ್ಕದ ಮನೆಯವರ ಹತ್ತಿರ. ಜುಲೈನಲ್ಲಿ ರೇಡಿಯೇಟರ್ ಬಿಸಿ ಮಾಡಿ ಅಂದಾಗ ಅವರು ನನ್ನನ್ನು ನೋಡಿದ ರೀತಿ ಮರೆತಿಲ್ಲ. ಆದರೂ ಮಾಡಿದ್ದರು, ಪಾಪ.