‘ಮಾತ್ರ’ ಎಂಬ ಪದವನ್ನು ತೆಗೆಯುವ ಮುನ್ನ

ಆಡಿಟರುಗಳು, ವಕೀಲರು ತಮ್ಮ ಜಾಲತಾಣಕ್ಕೆ ಬರೆಯುವ ಕನ್ನಡ ಲೇಖನಗಳನ್ನು ತಿದ್ದಿಕೊಡುವ ಕೆಲಸ ಈಗ ನಮ್ಮ ದಾವಣಗೆರೆಯಲ್ಲೂ ಸಿಗುತ್ತಿದೆ. ಪತ್ರಿಕೆಯ ಡೆಸ್ಕಿನಲ್ಲಿ ಹತ್ತಾರು ವರ್ಷ ಕೂತು ಎದ್ದ ನನ್ನಂಥವರಿಗೆ ಇದು ಎಡಗೈ ಕೆಲಸ ಎನಿಸುತ್ತದೆ. ಲೇಖನಕ್ಕೆ ಆರುನೂರು ರೂಪಾಯಿ, ಮನೆಯಲ್ಲೇ ಕೂತು ಮಾಡಬಹುದು. ಒಪ್ಪಿಕೊಳ್ಳುವ ಮೊದಲು ನನ್ನ ಪಾಡನ್ನು ಒಮ್ಮೆ ಓದಿ.

ಪಿ.ಜೆ. ಬಡಾವಣೆಯ ಒಂದು ಆಡಿಟ್ ಕಚೇರಿ. ಹೆಸರು ಬೇಡ. ಅಲ್ಲಿನ ಆಡಿಟರ್ ತಿಂಗಳಿಗೆರಡು ಲೇಖನ ಬರೆಯುತ್ತಿದ್ದರು. ವಿಷಯದಲ್ಲಿ ಗಟ್ಟಿಗರು, ಭಾಷೆ ಮಾತ್ರ ಸರ್ಕಾರಿ ಸುತ್ತೋಲೆಯದು. 2025ರ ಫೆಬ್ರವರಿಯಲ್ಲಿ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ನೋಂದಣಿಯ ಬಗ್ಗೆ ಒಂದು ಲೇಖನ ಕಳುಹಿಸಿದರು. ಅದರಲ್ಲಿ ಈ ವಾಕ್ಯ ಇತ್ತು:

“ಕೇವಲ ತೆರಿಗೆ ವಿನಾಯಿತಿ ಇರುವಂತಹ ಸರಕುಗಳನ್ನು ಮಾತ್ರ ಮಾರಾಟ ಮಾಡುವಂತಹ ವ್ಯಾಪಾರಸ್ಥರುಗಳಿಗೆ ನೋಂದಣಿಯ ಅವಶ್ಯಕತೆ ಇರುವುದಿಲ್ಲ.”

ಡೆಸ್ಕಿನಲ್ಲಿ ಪಳಗಿದ ಯಾರ ಕೈ ತಾನೇ ಸುಮ್ಮನಿದ್ದೀತು? ‘ವ್ಯಾಪಾರಸ್ಥರುಗಳಿಗೆ’ ಎಂಬುದರಲ್ಲಿ ಬಹುವಚನದ ಮೇಲೆ ಬಹುವಚನ. ‘ಅಂತಹ’ ಎರಡು ಸಲ. ‘ಮಾತ್ರ’ ಇರುವಾಗ ‘ಕೇವಲ’ ಏಕೆ? ಅದನ್ನು ತೆಗೆದೆ. ಇಲ್ಲಿಯವರೆಗೆ ನನ್ನ ತಪ್ಪಿಲ್ಲ. ಎರಡು ದಿನ ಬಿಟ್ಟು ಕಚೇರಿಯ ಹುಡುಗ ಫೋನ್ ಮಾಡಿ, “ಸಾರ್, ಮೊಬೈಲಿನಲ್ಲಿ ಓದುವವರು ಜಾಸ್ತಿ, ಇನ್ನಷ್ಟು ಚಿಕ್ಕದು ಮಾಡಿಕೊಡಿ” ಎಂದ. ಆ ಎರಡನೆಯ ಸುತ್ತಿನಲ್ಲಿ ‘ಮಾತ್ರ’ವೂ ಹೋಯಿತು. ಉಳಿದದ್ದು: “ತೆರಿಗೆ ವಿನಾಯಿತಿಯ ಸರಕು ಮಾರುವವರಿಗೆ ನೋಂದಣಿ ಬೇಕಿಲ್ಲ.” ಎಷ್ಟು ಚೊಕ್ಕ ವಾಕ್ಯ ಎಂದು ನಾನೇ ಬೆನ್ನು ತಟ್ಟಿಕೊಂಡೆ.

ಇನ್ನೊಂದು ಘನಕಾರ್ಯವೂ ಆಗಿತ್ತು. ಲೇಖನದಲ್ಲಿ ‘ಒಟ್ಟು ವಹಿವಾಟು’ ಎಂಬುದು ಹನ್ನೊಂದು ಕಡೆ ಬಂದಿತ್ತು. ಪುನರುಕ್ತಿ ಕಿವಿಗೆ ಚುಚ್ಚುತ್ತದೆಂದು ನಾಲ್ಕು ಕಡೆ ‘ವರಮಾನ’ ಎಂದು ಮಾಡಿದೆ. ವರ್ಷಕ್ಕೆ ಎಷ್ಟು ದಾಟಿದರೆ ನೋಂದಣಿ ಬೇಕು ಎಂಬ 40 ಲಕ್ಷ ರೂಪಾಯಿಯ ಮಿತಿ ಹೇಳುವ ಸಾಲು ಆ ನಾಲ್ಕರಲ್ಲಿ ಒಂದು. ವಹಿವಾಟು ಎಂದರೆ ಗಲ್ಲಾಪೆಟ್ಟಿಗೆಗೆ ಬಂದ ಅಷ್ಟೂ ಮಾರಾಟ. ವರಮಾನ ಎಂದರೆ ಜನ ಕೈಯಲ್ಲಿ ಉಳಿಯುವ ಹಣ ಎಂದೇ ತಿಳಿಯುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ, ತಿದ್ದುವಾಗ ಅತ್ತ ಗಮನವೇ ಹೋಗಲಿಲ್ಲ.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದರು. (ಆ ‘ಮಾತ್ರ’ವನ್ನು ಯಾರೂ ತಿದ್ದಲಿಲ್ಲ.) ಆಗಲೇ ಒಂದು ಬೆಳಿಗ್ಗೆ ಆಡಿಟರ್ ನನ್ನನ್ನು ಕಚೇರಿಗೆ ಕರೆಸಿದರು. ಎದುರಿಗೆ ಮಂಡಕ್ಕಿ ಅಂಗಡಿಯ ಯಜಮಾನರೊಬ್ಬರು ನೋಟಿಸ್ ಹಿಡಿದು ಕೂತಿದ್ದರು. ಇನ್ನೊಂದು ಕೈಯಲ್ಲಿ ನಮ್ಮ ಲೇಖನದ ಪ್ರತಿ, ನನ್ನ ಚೊಕ್ಕ ವಾಕ್ಯದ ಕೆಳಗೆ ಪೆನ್ನಿನ ಗೆರೆ.

ಅವರದು ಚೀಲದಿಂದ ಬಿಡಿಯಾಗಿ ಅಳೆದು ಕೊಡುವ ಮಂಡಕ್ಕಿ. ಅದಕ್ಕೆ ತೆರಿಗೆ ಇಲ್ಲ. ಹಿಂದಿನ ವರ್ಷ ಅದರಿಂದಲೇ ಸುಮಾರು 36 ಲಕ್ಷದ ವ್ಯಾಪಾರವಾಗಿತ್ತು. ಜೊತೆಗೆ ಖಾರ ಸೇವು, ಮಸಾಲೆ ಶೇಂಗಾ ಎಂದು 7 ಲಕ್ಷ. ಇವಕ್ಕೆ ತೆರಿಗೆ ಇದೆ. ವಿನಾಯಿತಿಯ ಸರಕನ್ನಷ್ಟೇ ಮಾರಿದ್ದರೆ ವ್ಯಾಪಾರ ಎಷ್ಟೇ ಆಗಿದ್ದರೂ ನೋಂದಣಿ ಬೇಕಿರಲಿಲ್ಲ. ಸೇವು ಸೇರಿತೋ, ಮಂಡಕ್ಕಿಯ ಮಾರಾಟವೂ ಒಟ್ಟು ವಹಿವಾಟಿನ ಲೆಕ್ಕಕ್ಕೆ ಬರುತ್ತದೆ. ಒಟ್ಟು 43 ಲಕ್ಷ, ಮಿತಿ ದಾಟಿತು. ಮಾರ್ಚ್‌ನಲ್ಲಿ ನೋಂದಣಿ ಮಾಡಿಸಲು ಹೊರಟಿದ್ದ ಅವರನ್ನು ಮಗನೇ ತಡೆದನಂತೆ: “ಅಪ್ಪಾಜಿ, ಮಂಡಕ್ಕಿಗೆ ವಿನಾಯಿತಿ ಇದೆ. ನಮ್ಮ ವರಮಾನ ನಾಲ್ಕು ಲಕ್ಷವೂ ಇಲ್ಲ. ಇಲ್ಲೇ ಬರೆದಿದ್ದಾರೆ ನೋಡು.” ಆಗಲೇ ನೋಂದಾಯಿಸಿ, ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಸರಳ ತೆರಿಗೆಯ ಕಾಂಪೊಸಿಷನ್ ಪದ್ಧತಿಗೆ ಸೇರಿದ್ದರೆ, ಅಲ್ಲಿಂದಾಚೆಗೆ ತೆರಿಗೆಗೆ ಒಳಪಡುವ ಮಾರಾಟದ ಮೇಲೆ ಶೇ 1ರಷ್ಟು ಕಟ್ಟಿದರೆ ಸಾಕಿತ್ತು.

ಯಜಮಾನರು ಬೈಯಲಿಲ್ಲ. “ನೀವು ಓದಿದವರು ಬರೆದದ್ದಲ್ಲವೇ ಸ್ವಾಮಿ” ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ಅವರು ಎದ್ದುಹೋದ ಮೇಲೆ ಆಡಿಟರ್ ನನ್ನ ಕಡೆ ತಿರುಗಿದರು. “ನಿಮ್ಮ ಕೈಗೆ ಕೊಟ್ಟ ಮೇಲೆ ಮತ್ತೆ ಓದುವ ಅಗತ್ಯ ಕಾಣಲಿಲ್ಲ ಸಾರ್.” ಪ್ರಕಟಿಸುವ ಮೊದಲು ಅವರು ಒಮ್ಮೆ ಓದಿಯೇ ಓದುತ್ತಾರೆಂದು ನಾನು ನಂಬಿದ್ದೆ. ನಾನು ಓದಿದ್ದೇನೆಂದು ಅವರು ನಂಬಿದ್ದರು. ಒಪ್ಪಿಗೆಗೆ ಸಾಕ್ಷಿ ಹುಡುಕಿದರೆ ವಾಟ್ಸ್‌ಆ್ಯಪ್‌ನಲ್ಲಿ ಕಚೇರಿಯ ಹುಡುಗ ಕಳುಹಿಸಿದ ಒಂದು ಹೆಬ್ಬೆರಳಿನ ಚಿತ್ರ.

ತಪ್ಪನ್ನು ನನ್ನ ತಲೆಗೇ ಕಟ್ಟಿದ್ದು ಅನ್ಯಾಯ ಎಂದು ಈಗಲೂ ಅನ್ನುತ್ತೇನೆ. ಕಚೇರಿಯ ಹೆಸರಿನಲ್ಲಿ ಹೋಗುವುದನ್ನು ಕಚೇರಿಯವರೇ ಓದಬೇಕು. ಆದರೆ ಅವರಿಗೆ ಓದುವ ದಾರಿಯನ್ನೇ ನಾನು ಮುಚ್ಚಿದ್ದೆ. ವರ್ಡ್‌ನಲ್ಲಿ ತಿದ್ದುಪಡಿಗಳೆಲ್ಲ ಕೆಂಪಾಗಿ ಕಾಣುವಂತೆ ಇಡಬಹುದು. ಕೆಂಪು ತುಂಬಿದ ಪ್ರತಿ ಕಂಡರೆ ದೊಡ್ಡ ಮನುಷ್ಯರಿಗೆ ಮುಜುಗರವಾದೀತೆಂದು ನಾನು ಶುದ್ಧ ಪ್ರತಿ ಕಳುಹಿಸುತ್ತಿದ್ದೆ. ಅದರಲ್ಲಿ ಬಿಟ್ಟುಹೋದ ‘ಮಾತ್ರ’ ಯಾವ ಕಣ್ಣಿಗೆ ಬೀಳಬೇಕು? ನೀವು ಈ ದಾಕ್ಷಿಣ್ಯಕ್ಕೆ ಬೀಳಬೇಡಿ. ತಿದ್ದಿದ ಪ್ರತಿಯನ್ನು ಮೂಲದೊಂದಿಗೇ ಕಳುಹಿಸಿ. ಬರೆದವರಿಂದಲೇ “ಓದಿದ್ದೇನೆ, ಸರಿ ಇದೆ” ಎಂದು ಬರೆಸಿಕೊಳ್ಳಿ, ಹುಡುಗರಿಂದಲ್ಲ. ‘ಮಾತ್ರ’, ‘ಅಥವಾ’, ‘ಮೀರದ’, ‘ಒಟ್ಟು’ ಇಂಥವುಗಳ ತಂಟೆಗೆ ಕೇಳದೆ ಹೋಗಬೇಡಿ. ಹನ್ನೊಂದು ಸಲ ‘ವಹಿವಾಟು’ ಬಂದರೆ ಬರಲಿ. ಯಾವ ಆರ್ಥಿಕ ವರ್ಷದ ಮಾತು ಎಂಬುದನ್ನೂ ಕೇಳಿ ಹಾಕಿಸಿ. ಅದೇ ಕಚೇರಿಯ ಹಳೆಯ ಲೇಖನವೊಂದು ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುತ್ತಲೇ ಇತ್ತು. 2025-26ರಿಂದ ಅದು 12 ಲಕ್ಷ.

ಇನ್ನೊಂದು ಗುಂಡಿಯನ್ನು ಅದೃಷ್ಟದಿಂದ ದಾಟಿದೆ. ಲೇಖನದ ಕೊನೆಗೆ “ದಾವಣಗೆರೆಯ ನಂಬರ್ ಒನ್ ಆಡಿಟರ್, ಇಂದೇ ಸಂಪರ್ಕಿಸಿ” ಎಂದು ಸೇರಿಸಲು ಆ ಹುಡುಗ ಹೇಳಿದ್ದ. ಭಾಷೆ ಅಗ್ಗವಾಯಿತೆಂದು ಬಿಟ್ಟೆ. ಚಾರ್ಟರ್ಡ್ ಅಕೌಂಟೆಂಟರು ಹೀಗೆ ಗಿರಾಕಿಗಳನ್ನು ಕರೆಯುವುದು 1949ರ ಕಾಯ್ದೆಯ ಪ್ರಕಾರ ವೃತ್ತಿ ದುರ್ನಡತೆ ಎಂಬುದು ಆಮೇಲೆ ತಿಳಿಯಿತು. ವಕೀಲರಿಗೂ ಇಂಥದೇ ಕಟ್ಟು ಇದೆ.

ಕೊನೆಯ ಮೂರು ಲೇಖನಗಳ 1,800 ರೂಪಾಯಿ ಇನ್ನೂ ಬಂದಿಲ್ಲ, ಬರುವುದೂ ಇಲ್ಲ. ಮೊನ್ನೆ ಕುತೂಹಲಕ್ಕೆ ಆ ಲೇಖನ ತೆಗೆದು ನೋಡಿದೆ. ಆಡಿಟರು ಮೂಲವನ್ನೇ ಹಾಗೇ ತಂದು ಹಾಕಿದ್ದಾರೆ. ‘ಮಾತ್ರ’ ಮರಳಿದೆ, ‘ಕೇವಲ’ವೂ ಮರಳಿದೆ, ‘ವ್ಯಾಪಾರಸ್ಥರುಗಳಿಗೆ’ ಕೂಡ.