ಡೀಸೆಲ್ ಚೀಟಿ ಕೊಟ್ಟರೆ ಮೊದಲು ಲೀಟರ್ ಕೇಳಿ

ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಎತ್ತಿ ಹೈದರಾಬಾದಿಗೆ ಓಡಿಸುವ ಅಣ್ಣತಮ್ಮಂದಿರು ಇದನ್ನು ಪೂರ್ತಿ ಓದಿ. ಅದರಲ್ಲೂ ನನ್ನ ಹಾಗೆ ಒಂದೇ ಲಾರಿ ಇಟ್ಟುಕೊಂಡು ತಾವೇ ಸ್ಟೇರಿಂಗ್ ಹಿಡಿಯುವವರು. ಮೂರು ತಿಂಗಳು ಹಗಲು ರಾತ್ರಿ ಓಡಿಸಿದೆ. ಕೊನೆಗೆ ಕಂತು ಕಟ್ಟಲು ಹೆಂಡತಿಯ ಬಳೆ ಅಡ ಇಡಬೇಕಾಯಿತು. ಆಕ್ಸಿಡೆಂಟ್ ಆಗಿರಲಿಲ್ಲ, ಇಂಜಿನ್ ಕೂತಿರಲಿಲ್ಲ. ದುಡ್ಡು ಹೋಗಿದ್ದು ಅಂಗೈಯಗಲದ ಡೀಸೆಲ್ ಚೀಟಿಯಲ್ಲಿ, ಅಂದರೆ ಕ್ಯಾಶ್ ಬದಲು ಪಂಪಿನಲ್ಲಿ ತೋರಿಸಿ ಡೀಸೆಲ್ ಹಾಕಿಸಿಕೊಳ್ಳಿ ಅಂತ ಏಜೆಂಟ್ ಬರೆದು ಕೊಡುವ ಚೀಟಿಯಲ್ಲಿ.

ನನ್ನದು ಹತ್ತು ಚಕ್ರದ ಸೆಕೆಂಡ್ ಹ್ಯಾಂಡ್ ಲಾರಿ. ತಿಂಗಳಿಗೆ 28 ಸಾವಿರ ಕಂತು. ತೊಗರಿ ಸೀಸನ್‌ನಲ್ಲಿ ಕಲಬುರಗಿಯ ದಾಲ್ ಮಿಲ್‌ಗಳಿಂದ ಲೋಡ್ ಸಿಗುತ್ತದೆ, ಚಿಂತೆ ಇರುವುದಿಲ್ಲ. 2025ರ ಮಾರ್ಚ್ ಕೊನೆಗೆ ಲೋಡ್ ಕಡಿಮೆಯಾಯಿತು. ಆಗ ಸೇಡಂ ಕಡೆಯ ಒಬ್ಬ ಟ್ರಾನ್ಸ್‌ಪೋರ್ಟ್ ಏಜೆಂಟ್ ಕರೆದರು. ಹೈದರಾಬಾದ್ ದಾಟಿ ಮೇಡ್ಚಲ್ ಹತ್ತಿರದ ಗೋಡೌನಿಗೆ ಸಿಮೆಂಟ್. 18 ಟನ್, ಟನ್‌ಗೆ 750 ರೂಪಾಯಿ. ಟ್ರಿಪ್ಪಿಗೆ 13,500. ಮೂರು ತಿಂಗಳು ಖಾಯಂ ಲೋಡ್, ರೇಟು ಬದಲಾಗಲ್ಲ ಅಂದರು. ಖಾಯಂ ಅನ್ನೋ ಮಾತಿಗೆ ನಾನು ಬಿದ್ದೆ.

ಅಡ್ವಾನ್ಸ್ ಮಾತ್ರ ಕ್ಯಾಶ್ ಇಲ್ಲ. 9 ಸಾವಿರದ ಡೀಸೆಲ್ ಚೀಟಿ, ಅವರು ಹೇಳಿದ ಪಂಪಿನಲ್ಲೇ ತುಂಬಿಸಬೇಕು. ಆ ಪಂಪ್ ಗಡಿಯಾಚೆ, ತೆಲಂಗಾಣದಲ್ಲಿ.

ಅದೇ ವಾರ ಏಪ್ರಿಲ್ 1ಕ್ಕೆ ನಮ್ಮ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು. ಲೀಟರ್‌ಗೆ 2 ರೂಪಾಯಿ ಜಾಸ್ತಿಯಾಯಿತು. ಆ ತಿಂಗಳ ನಡುವೆ ಲಾರಿ ಮಾಲೀಕರ ಮುಷ್ಕರವೂ ನಡೆಯಿತು, ನೆನಪಿದೆ ಅಲ್ವಾ? ಎಲ್ಲರ ಬಾಯಲ್ಲೂ ಡೀಸೆಲ್ ಮಾತೇ. ಏಜೆಂಟ್ ಅದನ್ನೇ ಹಿಡಿದುಕೊಂಡರು.

"ಕರ್ನಾಟಕದಾಗ ರೇಟು ಏರ್ಯಾದ ತಮ್ಮಾ. ಇಲ್ಲಿ ಯಾಕ ಹಾಕಸ್ತಿ? ಗಡಿ ದಾಟಿದ್ ಮ್ಯಾಲ ನಮ್ ಪಂಪ್ ಅದ, ಅಲ್ಲೇ ತುಂಬ್ಸು."

ನನಗೂ ಹೌದಲ್ಲ ಅನ್ನಿಸಿತು. ಆದರೆ ಏರಿದ ಮೇಲೂ ನಮ್ಮ ಕಡೆ ಲೀಟರ್ 91ರ ಆಸುಪಾಸು ಇತ್ತು. ತೆಲಂಗಾಣದಲ್ಲಿ 95ರ ಮೇಲೆ. ಎಷ್ಟೋ ವರ್ಷದಿಂದ ಆ ಕಡೆಯ ಗಾಡಿಗಳೇ ನಮ್ಮ ಗಡಿ ಪಂಪುಗಳಿಗೆ ಬಂದು ತುಂಬಿಸಿಕೊಂಡು ಹೋಗುತ್ತವೆ. ದಿನಾ ಕಣ್ಣೆದುರಿಗೆ ಇದ್ದದ್ದು ನನಗೆ ಹೊಳೆಯಲಿಲ್ಲ. ಯಾಕೆಂದರೆ ನಾನು ಜೇಬಿನಿಂದ ಕೊಡುತ್ತಿರಲಿಲ್ಲ. ಇದೇ ದೊಡ್ಡ ಅಪಾಯ. ಚೀಟಿ ಕೊಟ್ಟು ತುಂಬಿಸಿದ ಡೀಸೆಲ್ ನಮ್ಮ ದುಡ್ಡಿನದು ಅಂತ ಅನ್ನಿಸುವುದೇ ಇಲ್ಲ. ಟ್ಯಾಂಕ್ ತುಂಬಿರುತ್ತದೆ, ಗಾಡಿ ಓಡುತ್ತಿರುತ್ತದೆ, ದುಡಿಮೆ ನಡೆದಿದೆ ಅಂದುಕೊಳ್ಳುತ್ತೇವೆ. ಕೊನೆಗೆ ಬಾಡಿಗೆಯಲ್ಲಿ ಅದು ಪೂರ್ತಿ ಕಟ್ ಆಗುತ್ತದೆ.

ಎರಡು ತಿಂಗಳು ಹೀಗೇ ಹೋಯಿತು. ಒಂದು ಸಂಜೆ ಕೊಡಂಗಲ್ ಹತ್ತಿರ ಚಹಾ ಕುಡಿಯಲು ನಿಂತಿದ್ದೆ. ಆಳಂದ ಕಡೆಯ ಒಬ್ಬ ಹಿರಿಯ ಡ್ರೈವರ್ ಕಾಕಾ ಸಿಕ್ಕರು. ಮೂವತ್ತು ವರ್ಷ ಇದೇ ರೋಡಿನಲ್ಲಿ ಓಡಿಸಿದವರು. ಚೀಟಿ ವಿಷಯ ಹೇಳಿದೆ.

"ಎಷ್ಟ್ ಲೀಟರ್ ಬರ್ತದೋ?" ಅಂದರು.

"ಒಂಬತ್ ಸಾವಿರದ್ದು ಕಾಕಾ."

"ರೂಪಾಯಿ ಕೇಳಿಲ್ಲಪ್ಪ ನಾ. ಲೀಟರ್ ಎಷ್ಟ್?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ಸಲಕ್ಕೆ ಹತ್ತಿರ ತುಂಬಿಸಿದ್ದೆ, ಒಂದು ಸಲವೂ ಮೆಷಿನ್ ನೋಡಿರಲಿಲ್ಲ. ರಾತ್ರಿ ಹೊತ್ತು ಹೋಗುತ್ತಿದ್ದೆ, ಹುಡುಗ ಪೈಪ್ ಹಾಕುತ್ತಿದ್ದ, ನಾನು ಟೈರ್ ತಟ್ಟಿ ನೋಡುತ್ತಿದ್ದೆ.

ಮುಂದಿನ ಟ್ರಿಪ್‌ನಲ್ಲಿ ಮೆಷಿನ್ ಮುಂದೆಯೇ ನಿಂತೆ. 8,780 ರೂಪಾಯಿಗೆ ನಿಂತಿತು. 92 ಲೀಟರ್‌ಗೂ ಸ್ವಲ್ಪ ಕಡಿಮೆ. ಹುಡುಗ ಚೀಟಿ ಮೇಲೆ 9,000 ಅಂತ ಬರೆದುಕೊಂಡ. ಉಳಿದ 220 ಎಲ್ಲಿ ಅಂದೆ. ಉಧಾರಿ ಖರ್ಚು, ನಿಮ್ಮ ಟ್ರಾನ್ಸ್‌ಪೋರ್ಟಿನವರಿಗೆ ಗೊತ್ತು ಅಂದ. ಬಿಲ್ ಕೇಳಿದೆ, ಕೊಡಲಿಲ್ಲ. ಬೋರ್ಡಿನ ದರಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಬಿಲ್ ಯಾಕೆ ಕೊಡುತ್ತಿರಲಿಲ್ಲ ಅಂತ ಆಗ ಅರ್ಥವಾಯಿತು.

ಆ ರಾತ್ರಿ ಕ್ಯಾಬಿನ್ ಲೈಟಿನಲ್ಲಿ ಕೂತು ಲೆಕ್ಕ ಹಾಕಿದೆ. ನೀವೂ ಜೊತೆಗೆ ಹಾಕಿ ನೋಡಿ. 9 ಸಾವಿರಕ್ಕೆ ನಮ್ಮ ಕಡೆ 91ರ ಲೆಕ್ಕದಲ್ಲಿ ಹೆಚ್ಚುಕಡಿಮೆ 99 ಲೀಟರ್ ಬರುತ್ತದೆ. ನನಗೆ ಬಂದಿದ್ದು 92. ಟ್ರಿಪ್ಪಿಗೆ 7 ಲೀಟರ್, ಅಂದರೆ ಸುಮಾರು 640 ರೂಪಾಯಿ. ಅದರ ಮೇಲೆ ಏಜೆಂಟ್ ಹಿಸಾಬು ಮಾಡುವಾಗ ಚೀಟಿ ಮೇಲೆ 2 ಪರ್ಸೆಂಟ್ ಸರ್ವಿಸ್ ಅಂತ 180 ಹಿಡಿಯುತ್ತಿದ್ದರು. ಎರಡೂ ಸೇರಿ 820.

ಇನ್ನು ಬಾಡಿಗೆ 13,500ರ ಕಡೆ ಬನ್ನಿ. ಚೀಟಿ 9,000. ಸರ್ವಿಸ್ 180. ದಲಾಲಿ 300. ಕಾಟಾ (ಗಾಡಿ ತೂಕ ಹಾಕಿಸುವುದು), ಟೋಲ್, ಲೋಡಿಂಗ್ ಹತ್ತಿರ 500. ನನ್ನದು ಕ್ಲೀನರ್‌ದು ಊಟ, ಅವನ ಬಾಟಾ (ಭತ್ಯೆ) ಸೇರಿ 1,100. ಉಳಿದಿದ್ದು 2,420. ಫ್ಯಾಕ್ಟರಿ ಗೇಟಿನಲ್ಲಿ ಕ್ಯೂ, ಗೋಡೌನಿನಲ್ಲಿ ಕ್ಯೂ. ಹಾಗಾಗಿ ಒಂದು ಟ್ರಿಪ್ಪಿಗೆ ಮೂರು ದಿನಕ್ಕೂ ಜಾಸ್ತಿ, ತಿಂಗಳಿಗೆ 9 ಟ್ರಿಪ್. ಒಟ್ಟು 21,780. ಕಂತು 28 ಸಾವಿರ. ಅಲ್ಲಿಗೇ 6 ಸಾವಿರ ಕಡಿಮೆ. ಚೀಟಿಯಲ್ಲಿ ಹೋಗುತ್ತಿದ್ದದ್ದು ತಿಂಗಳಿಗೆ 7 ಸಾವಿರದ ಮೇಲೆ! ನನ್ನ ಕಂತಿನ ದುಡ್ಡು ಆ ಪಂಪಿನಲ್ಲೇ ಬಿದ್ದಿತ್ತು.

ಇದರಲ್ಲಿ ಟೈರ್ ಸೇರಿಸಿಯೇ ಇಲ್ಲ. ಹತ್ತು ಟೈರಿಗೆ ನನಗೆ 2 ಲಕ್ಷ ಬೀಳುತ್ತದೆ. 80 ಸಾವಿರ ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಹೋಗಿ ಬರುವ 380 ಕಿಲೋಮೀಟರಿಗೆ 950 ರೂಪಾಯಿ ಟೈರೇ ತಿನ್ನುತ್ತದೆ. ಇನ್ಶೂರೆನ್ಸ್, ಟ್ಯಾಕ್ಸ್, ಗ್ರೀಸು, ಆಯಿಲ್ ಬೇರೆ. ವಾಪಸ್ ಬರುವುದು ಬಹುತೇಕ ಖಾಲಿ. ಖಾಲಿ ಗಾಡಿಯೂ ಡೀಸೆಲ್ ಕುಡಿಯುತ್ತದೆ. ಹೋಗುವ ದಾರಿ ಮಾತ್ರ ನೋಡಿ ಬಾಡಿಗೆ ಒಪ್ಪಿಕೊಂಡಿದ್ದು ನನ್ನ ಮೊದಲ ತಪ್ಪು.

ಏಜೆಂಟ್ ಹತ್ತಿರ ಹೋಗಿ ಹೇಳಿದೆ. "ಹಂಗಾದ್ರ ಮೂರ್ ಟನ್ ಜಾಸ್ತಿ ಹಾಕೋ, ಸರಿ ಆಗ್ತದ" ಅಂದರು. ದಯವಿಟ್ಟು ಈ ಮಾತು ಮಾತ್ರ ಯಾರೂ ಕೇಳಬೇಡಿ. ಓವರ್‌ಲೋಡ್ ಹಿಡಿದರೆ 20 ಸಾವಿರ ದಂಡ, ಜೊತೆಗೆ ಜಾಸ್ತಿ ಇರುವ ಪ್ರತಿ ಟನ್‌ಗೆ 2 ಸಾವಿರ. ಮೂರು ಟನ್‌ಗೆ 26 ಸಾವಿರ. ಜಾಸ್ತಿ ಮಾಲನ್ನು ಅಲ್ಲೇ ಇಳಿಸಬೇಕು. ಬ್ರೇಕ್ ಹಿಡಿಯದೆ ಯಾರದಾದರೂ ಜೀವ ಹೋದರೆ ಯಾವ ಏಜೆಂಟೂ ಬರುವುದಿಲ್ಲ. ನಾನು ಒಪ್ಪಲಿಲ್ಲ. ಮಾತು ಕೊಟ್ಟಿದ್ದಕ್ಕೆ ಜೂನ್‌ವರೆಗೆ ಓಡಿಸಿ ಬಿಟ್ಟೆ.

ಕೊನೆಯ ಹಿಸಾಬಿನಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಅಂತಲೂ ಕಟ್ ಮಾಡಿದ್ದರು. ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ ಇರುವವರು ಪ್ಯಾನ್ ನಂಬರ್ ಮತ್ತು ಒಂದು ಡಿಕ್ಲರೇಷನ್ ಬರೆದು ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವ ಹಾಗಿಲ್ಲ. ನನಗೆ ಯಾರೂ ಹೇಳಿರಲಿಲ್ಲ, ನಾನು ಕೊಟ್ಟಿರಲಿಲ್ಲ. ನೀವು ಮೊದಲ ಟ್ರಿಪ್ಪಿಗೇ ಕೊಟ್ಟುಬಿಡಿ, ಒಂದು ಜೆರಾಕ್ಸ್ ಇಟ್ಟುಕೊಳ್ಳಿ.

ಈಗ ಲೋಡ್ ಎತ್ತುವ ಮುಂಚೆಯೇ ನಮ್ಮ ಕಡೆಯ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸುತ್ತೇನೆ. ವಾಪಸ್ ಬಂದು ಅದೇ ಪಂಪಿನಲ್ಲಿ ಮತ್ತೆ ಫುಲ್. ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಆಯಿತು, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಈ ರೋಡಿಗೆ ನನ್ನ ಗಾಡಿ 90 ಲೀಟರ್ ಕುಡಿಯುತ್ತದೆ ಅಂತ ಈಗ ಗೊತ್ತು. ಅಳತೆ ಬಗ್ಗೆ ಅನುಮಾನ ಬಂದರೆ ಪಂಪಿನಲ್ಲಿ ಸೀಲ್ ಹಾಕಿದ 5 ಲೀಟರ್ ಮಾಪು ಇರುತ್ತದೆ, ಅದರಲ್ಲಿ ಅಳೆದು ತೋರಿಸಿ ಅಂತ ಕೇಳಿ. ಕೇಳುವ ಹಕ್ಕು ನಮಗಿದೆ, ನಾಚಿಕೆ ಬೇಡ.

ರೇಟು ಮಾತಾಡುವಾಗ ಇನ್ನೊಂದು ಮಾತು ಬರೆಸಿಕೊಳ್ಳುತ್ತೇನೆ. 90 ಲೀಟರನ್ನು 18 ಟನ್‌ಗೆ ಹಂಚಿದರೆ ಟನ್‌ಗೆ 5 ಲೀಟರ್. ಹಾಗಾಗಿ ಡೀಸೆಲ್ 1 ರೂಪಾಯಿ ಏರಿದರೆ ಬಾಡಿಗೆ ಟನ್‌ಗೆ 5 ರೂಪಾಯಿ ಏರಬೇಕು. ಇಳಿದರೆ ಇಳಿಸಲಿ, ಬೇಜಾರಿಲ್ಲ. ನಿಮ್ಮ ರೋಡಿಗೆ, ನಿಮ್ಮ ಗಾಡಿಗೆ ಈ ಅಂಕಿ ಬೇರೆ ಇರುತ್ತದೆ. ನೀವೇ ತೆಗೆಯಿರಿ. ಅಡ್ವಾನ್ಸ್ ಅಕೌಂಟಿಗೇ ಬರಬೇಕು. ಚೀಟಿಯೇ ಅಂದರೆ ಟ್ರಿಪ್ಪಿಗೆ 820 ಜಾಸ್ತಿ ಕೊಡಿ ಅಂತೀನಿ. ಇಬ್ಬರು ಸಿಟ್ಟು ಮಾಡಿಕೊಂಡು ಲೋಡ್ ಬೇರೆಯವರಿಗೆ ಕೊಟ್ಟರು. ಮೂರನೆಯವರು ಆ ಸಂಜೆಯೇ ದುಡ್ಡು ಹಾಕಿದರು.

ಬೇರೆ ದಾರಿಯೇ ಇಲ್ಲದೆ ಚೀಟಿ ತೆಗೆದುಕೊಂಡಿರಾ? ಕೊಡುವ ಮುಂಚೆ ಅದರ ಫೋಟೋ ತೆಗೆಯಿರಿ. ಪೈಪ್ ತೆಗೆಯುವ ಮುಂಚೆ ಮೆಷಿನ್ ಫೋಟೋ ತೆಗೆಯಿರಿ. ನನ್ನ ಹತ್ತಿರ ಕೊನೆಯ ಏಳು ಟ್ರಿಪ್ಪಿನ ಫೋಟೋ ಇದ್ದವು. ಅವನ್ನು ಮುಂದೆ ಇಟ್ಟ ಮೇಲೆ ಅಷ್ಟು ಟ್ರಿಪ್ಪಿನ ವ್ಯತ್ಯಾಸ ಕೊಡಲು ಏಜೆಂಟ್ ಒಪ್ಪಿದರು. ಅದಕ್ಕೂ ಮುಂಚಿನದಕ್ಕೆ ಪುರಾವೆ ಏನಿದೆ ಅಂದರು. ನನ್ನ ಹತ್ತಿರ ಏನೂ ಇರಲಿಲ್ಲ.